ತಾಯಿ ಹೊಲಕ್ಕೆ ಹೋದಾಗ ಮಗುವಿನ ಊಟ



ಹಾನಗಲ್ಲಿನ ಗದ್ದೆಗಳಲ್ಲಿ ಭತ್ತದ ನಾಟಿ, ಶಿಗ್ಗಾವಿ ಮತ್ತು ಸವಣೂರಿನ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವುದು, ಹಿರೇಕೆರೂರಿನ ಕಡೆ ಗೋವಿನಜೋಳದ ಕಳೆ ಮತ್ತು ಹತ್ತಿ, ಇವೆಲ್ಲ ಬಹುಮಟ್ಟಿಗೆ ಹೆಣ್ಣುಮಕ್ಕಳ ಕೈಯಿಂದಲೇ ನಡೆಯುವ ಕೆಲಸಗಳು. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೊರಟ ತಾಯಿಯು ಮನೆಗೆ ಮರಳುವುದು ಸಂಜೆಗೆ. ಆ ಏಳೆಂಟು ತಾಸು ಕೂಸು ಯಾರ ಬಳಿ ಇರುತ್ತದೆ ಎಂದು ಕೇಳಿದರೆ ನೀವು ತಡೆಯಿಲ್ಲದೆ ಉತ್ತರ ಹೇಳುವಿರಿ. ಅಜ್ಜಿಯ ಬಳಿ, ಇಲ್ಲವೆ ನೆರೆಮನೆಯವರ ಬಳಿ. ಆದರೆ ಆ ಅವಧಿಯಲ್ಲಿ ಅದು ಏನನ್ನು ಉಂಡಿತು, ಎಷ್ಟು ಸಲ ಉಂಡಿತು ಎಂದು ಕೇಳಿದರೆ ಉತ್ತರ ಅಷ್ಟು ಬೇಗನೆ ಬರುವುದಿಲ್ಲ.

ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಹದಿನಾಲ್ಕು ತಿಂಗಳ ಹೆಣ್ಣುಮಗುವೊಂದನ್ನು ತಪಾಸಣೆಗೆ ಕರೆತಂದಿದ್ದರು. ತೂಕ 6.8 ಕಿಲೋ. ಆ ವಯಸ್ಸಿನ ಹೆಣ್ಣುಮಗು ಸಾಮಾನ್ಯವಾಗಿ ಒಂಬತ್ತು ಕಿಲೋ ದಾಟಿರತಕ್ಕದ್ದು. ಮನೆಯಲ್ಲಿ ಬಡತನವಿತ್ತೆಂದು ಹೇಳುವಂತಿರಲಿಲ್ಲ. ಜೋಳ, ಹೆಸರುಕಾಳು, ಶೇಂಗಾ ಎಲ್ಲವೂ ಇದ್ದವು, ಒಂದು ಎಮ್ಮೆಯೂ ಇತ್ತು. ವಿಚಾರಿಸಲಾಗಿ, ಹಗಲೆಲ್ಲ ಮಗುವಿಗೆ ಸಿಗುತ್ತಿದ್ದುದು ಚಹದಲ್ಲಿ ಅದ್ದಿದ ಬಿಸ್ಕೀಟು ಮತ್ತು ಒಂದು ಹಿಡಿ ಚುರುಮುರಿ. ಅಜ್ಜಿಯನ್ನು ದೂರಿ ಫಲವಿಲ್ಲ. ಆಕೆಗೆ ಕಣ್ಣು ಮಂಜು, ಒಲೆ ಹೊತ್ತಿಸುವುದು ಕಷ್ಟ. ಮಗುವಿಗಾಗಿ ಬೇರೆಯಾಗಿ ಏನನ್ನೂ ಮಾಡಿಟ್ಟು ಹೋಗುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅಂಗನವಾಡಿಯಿಂದ ಆ ಮಗುವಿನ ಹೆಸರಿನಲ್ಲಿ ಬಂದಿದ್ದ ಹಿಟ್ಟಿನ ಪೊಟ್ಟಣವು ಎಲ್ಲಿ ಹೋಯಿತೆಂದರೆ, ಮನೆಯವರೆಲ್ಲರೂ ಉಂಡೆ ಕಟ್ಟಿ ತಿಂದು ಮೂರು ದಿನಗಳಲ್ಲಿ ಮುಗಿಸಿದ್ದರು.

ಆರು ತಿಂಗಳು ತುಂಬಿದ ಶಿಶುವಿಗೆ ಎದೆಹಾಲೊಂದೇ ಸಾಲದು. ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ ಮೆತ್ತನೆಯ ಆಹಾರ ಬೇಕು. ಒಂಬತ್ತು ತಿಂಗಳಿನಿಂದ ಮೂರು ನಾಲ್ಕು ಸಲ ಊಟ, ನಡುವೆ ಒಂದೆರಡು ಸಲ ತಿಂಡಿ ಬೇಕು. ವರ್ಷ ತುಂಬಿದ ಮೇಲೆ ಒಂದು ಊಟಕ್ಕೆ ಮುಕ್ಕಾಲು ಬಟ್ಟಲಿನಿಂದ ಒಂದು ಬಟ್ಟಲು. ಬಟ್ಟಲೆಂದರೆ ಕಾಲು ಲೀಟರು ಹಿಡಿಯುವಂಥದು. ಮಗುವಿನ ಹೊಟ್ಟೆ ಚಿಕ್ಕದು. ದೊಡ್ಡವರಂತೆ ಎರಡೇ ಹೊತ್ತು ಉಂಡು ಅದು ತನ್ನ ಅಗತ್ಯವನ್ನು ತೀರಿಸಿಕೊಳ್ಳಲಾರದು. ಹಗಲಿನ ಎರಡು ಮೂರು ಊಟ ತಪ್ಪಿದರೆ ರಾತ್ರಿ ಎಷ್ಟೇ ಉಣಿಸಿದರೂ ಆ ಕೊರತೆ ತುಂಬುವುದಿಲ್ಲ. ಎಂದರೆ ಮಗುವಿನ ಬೆಳವಣಿಗೆಯು ಹಗಲು ಅದನ್ನು ನೋಡಿಕೊಳ್ಳುವವರ ಕೈಯಲ್ಲಿದೆ.

ಈ ಊಟದ ಖರ್ಚಿನಲ್ಲಿ ಸರಕಾರದ ಪಾಲೂ ಇದೆ ಎಂಬುದನ್ನು ನೀವು ತಿಳಿದಿರಬೇಕು. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. 2013ರ ಆಹಾರ ಭದ್ರತಾ ಕಾಯಿದೆಯ ನಂತರ ಅಂಗನವಾಡಿಯ ಆಹಾರವು ದಾನವಲ್ಲ, ಮಗುವಿನ ಹಕ್ಕು. ಆ ಕಾಯಿದೆಯು 2013ರಲ್ಲಿ ಗೊತ್ತುಪಡಿಸಿದ್ದ ಪ್ರಮಾಣವು ಆರು ತಿಂಗಳಿನಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ ಶಕ್ತಿ, 12ರಿಂದ 15 ಗ್ರಾಂ ಸಸಾರಜನಕ ಎಂದಿತ್ತು. ಅಪೌಷ್ಟಿಕತೆಯುಳ್ಳ ಮಗುವಿಗೆ 800 ಕ್ಯಾಲೊರಿ, 20ರಿಂದ 25 ಗ್ರಾಂ ಸಸಾರಜನಕ ಎಂದಿತ್ತು. ಇದಕ್ಕಾಗಿ 2017ರಲ್ಲಿ ಗೊತ್ತುಪಡಿಸಿದ ದರವು ಮಗುವೊಂದಕ್ಕೆ ದಿನಕ್ಕೆ 8 ರೂಪಾಯಿ, ತೀವ್ರ ಅಪೌಷ್ಟಿಕತೆ ಇದ್ದಲ್ಲಿ 12 ರೂಪಾಯಿ. ದೊಡ್ಡ ಮೊತ್ತವೇನಲ್ಲ. ಆದುದರಿಂದಲೇ ಅದರಲ್ಲಿ ಸೋರಿಹೋಗಲು ಏನೂ ಉಳಿಯಬಾರದು.

ಮೂರು ವರ್ಷ ದಾಟಿದ ಮಗು ಅಂಗನವಾಡಿಯಲ್ಲಿಯೇ ಕುಳಿತು ಬಿಸಿಯೂಟ ಮಾಡುತ್ತದೆ. ಅದರ ವಿಷಯದಲ್ಲಿ ಚಿಂತೆ ಕಡಿಮೆ. ಪ್ರತಿದಿನ ತಪ್ಪದೆ ಕಳುಹಿಸಿದರಾಯಿತು. ತೊಡಕು ಇರುವುದು ಮೂರು ವರ್ಷದೊಳಗಿನ ಮಗುವಿನದು. ಅದರ ಪಾಲು ಮನೆಗೆ ಒಯ್ಯುವ ಪೊಟ್ಟಣವಾಗಿ ಬರುತ್ತದೆ. ಮನೆಗೆ ಬಂದ ಮೇಲೆ ಅದು ಯಾರ ಬಾಯಿಗೆ ಹೋಯಿತೆಂದು ನೋಡುವವರು ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ಅಮೆರಿಕ ದೇಶದಲ್ಲಿ ನೆರೆಹೊರೆಯ ಮಕ್ಕಳನ್ನು ತಮ್ಮ ಮನೆಯಲ್ಲಿಯೇ ನೋಡಿಕೊಳ್ಳುವ ಹೆಣ್ಣುಮಕ್ಕಳು ಬಹಳ ಮಂದಿ. 1968ರಲ್ಲಿ ಶಿಶುಪಾಲನಾ ಕೇಂದ್ರಗಳಿಗಾಗಿ ಆರಂಭವಾದ ಆಹಾರ ಕಾರ್ಯಕ್ರಮವೊಂದು ಮುಂದೆ ಇಂಥ ಮನೆಗಳಿಗೂ ವಿಸ್ತರಿಸಿತು. ನೋಂದಣಿಯಾದ ಪಾಲಕಿಯು ಯಾವ ಮಗುವಿಗೆ ಯಾವ ಹೊತ್ತು ಏನು ಉಣಿಸಿದೆನೆಂದು ಬರೆದಿಡುತ್ತಾಳೆ; ಅದು ನಿಯಮಕ್ಕೆ ಒಪ್ಪಿದರೆ ದಿನಕ್ಕೆ ಎರಡು ಊಟ ಮತ್ತು ಒಂದು ತಿಂಡಿಯವರೆಗಿನ ಹಣವನ್ನು ಸರಕಾರ ಮರಳಿ ಕೊಡುತ್ತದೆ. ವರ್ಷಕ್ಕೆ ಮೂರು ಸಲ ಬಂದು ನೋಡುವವರೂ ಉಂಟು. ಬರೆಯದ ಊಟಕ್ಕೆ ಹಣವಿಲ್ಲ. ನಮ್ಮಲ್ಲಿ ಅಜ್ಜಿಗಾಗಲಿ ನೆರೆಮನೆಯ ತಾಯಿಗಾಗಲಿ ಹಾಗೆ ಹಣ ಬರುವುದಿಲ್ಲ. ನಮ್ಮ ವ್ಯವಸ್ಥೆಯಲ್ಲಿ ಮರಳಿ ಬರುವುದು ಹಣವಲ್ಲ, ಆಹಾರ; ಅದೂ ಮಗುವಿನ ಹೆಸರಿಗೆ. ಆದ್ದರಿಂದ ಮಗು ಎಲ್ಲಿಗೆ ಹೋಗುವುದೋ ಅದರ ಪೊಟ್ಟಣವೂ ಅಲ್ಲಿಗೇ ಹೋಗಬೇಕು. ನೆರೆಮನೆಯವರ ಬಳಿ ಕೂಸನ್ನು ಬಿಟ್ಟು ಪೊಟ್ಟಣವನ್ನು ನಿಮ್ಮ ಮಾಡದಲ್ಲಿಟ್ಟು ಬೀಗ ಹಾಕಿಕೊಂಡು ಹೋದರೆ, ಆ ತಾಯಿ ತನ್ನ ಮನೆಯ ಹಿಟ್ಟಿನಿಂದ ನಿಮ್ಮ ಮಗುವಿಗೆ ಎಷ್ಟು ದಿನ ಉಣಿಸಿಯಾಳು? ನಾಚಿಕೆಯಿಂದ ಆಕೆ ಕೇಳುವುದಿಲ್ಲ, ಮರೆತು ನೀವು ಕೊಡುವುದಿಲ್ಲ, ನಡುವೆ ಉಪವಾಸ ಬೀಳುವುದು ಕೂಸು.

ಕೆಲಸಕ್ಕೆ ಹೊರಡುವ ಮುನ್ನ ಮಗುವಿನದೇ ಆದ ಒಂದು ಬಟ್ಟಲನ್ನು ನೋಡಿಕೊಳ್ಳುವವರ ಕೈಗೆ ಕೊಟ್ಟು, ಇದರಲ್ಲಿ ಎಷ್ಟು, ಎಷ್ಟು ಸಲ ಎಂದು ತೋರಿಸಿ ಹೇಳಿರಿ. ಸಂಜೆ ಬಂದ ಮೇಲೆ ಕೇಳಿರಿ. ಗಂಡನೂ ಕೇಳಬೇಕು, ಇದು ಹೆಂಗಸರ ಮಾತೆಂದು ಕಟ್ಟೆಗೆ ಎದ್ದು ಹೋಗುವುದು ಸರಿಯಲ್ಲ. ಪೊಟ್ಟಣದ ಹಿಟ್ಟನ್ನು ಬಿಸಿನೀರಿನಲ್ಲಿಯೋ ಹಾಲಿನಲ್ಲಿಯೋ ಗಟ್ಟಿಯಾಗಿ ಕಲಸಿ ಉಣಿಸಬಹುದು. ಚಮಚದಿಂದ ಜಾರಿ ಬೀಳುವಷ್ಟು ನೀರಾಗಬಾರದು. ಅದು ಮುಗಿದ ದಿನ ಮೆತ್ತಗೆ ಬೇಯಿಸಿದ ನುಚ್ಚು, ಹೆಸರುಬೇಳೆಯ ಜೊತೆ ಹಿಸುಕಿದ ಅನ್ನ, ಹಾಲಿನಲ್ಲಿ ನೆನೆಸಿದ ರೊಟ್ಟಿ ಆಗಬಹುದು. ಒಂದು ಚಮಚ ಎಣ್ಣೆ ಅಥವಾ ತುಪ್ಪ ಬೆರೆಸಿದರೆ ಶಕ್ತಿ ಹೆಚ್ಚುವುದು. ಶೇಂಗಾವನ್ನು ನುಣ್ಣಗೆ ಪುಡಿಮಾಡಿಯೇ ಕೊಡಬೇಕು. ಇಡೀ ಬೀಜ ಶ್ವಾಸನಾಳಕ್ಕೆ ಹೋದರೆ ಪ್ರಾಣಾಪಾಯ. ಬೆಳಿಗ್ಗೆ ಕಲಸಿದ್ದನ್ನು ಮಧ್ಯಾಹ್ನದವರೆಗೆ ಇಡಬಾರದು. ನೋಡಿಕೊಳ್ಳುವವರು ಪ್ರತಿಸಲ ಸಾಬೂನಿನಿಂದ ಕೈ ತೊಳೆಯಬೇಕು. ಚಹ ಬೇಡವೇ ಬೇಡ. ಅದು ಹಸಿವನ್ನು ಕೊಲ್ಲುತ್ತದೆ, ಆಹಾರದಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ.

2023-24ರ ರಾಜ್ಯ ಆಯವ್ಯಯದಲ್ಲಿ ಪ್ರಕಟವಾದ ‘ಕೂಸಿನ ಮನೆ’ಯ ವಿಷಯವನ್ನೂ ಹೇಳಬೇಕು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ ಇವುಗಳನ್ನು ತೆರೆಯುವುದೆಂದು ನಿರ್ಧಾರವಾಯಿತು. ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಪಾಲಕಿಯರನ್ನಾಗಿ ಮಾಡಲಾಯಿತು. ನಿಮ್ಮ ಪಂಚಾಯತಿಯಲ್ಲಿ ಅದು ನಡೆಯುತ್ತಿದೆಯೇ, ಅಲ್ಲಿ ಹಗಲಿನ ಊಟವೇನು ಎಂದು ಕಾರ್ಯಾಲಯದಲ್ಲಿ ವಿಚಾರಿಸಿರಿ. ಕೇಳಲು ಸಂಕೋಚ ಬೇಕಿಲ್ಲ.

ಅಂಗನವಾಡಿ ಕಾರ್ಯಕರ್ತೆಯ ಕಷ್ಟವನ್ನೂ ನೀವು ಅರಿಯಬೇಕು. ಮಕ್ಕಳಿಗೆ ಕೊಡುವ ಮೊಟ್ಟೆಯ ಬೆಲೆ ಪೇಟೆಯಲ್ಲಿ ಏರಿದಾಗ ಸರಕಾರದ ದರ ಅದರೊಡನೆ ಕೂಡಲೇ ಏರುವುದಿಲ್ಲ. ಎಷ್ಟೋ ಕಡೆ ಆಕೆ ತನ್ನ ಗೌರವಧನದಿಂದ ಮುಂಗಡ ಹಾಕಿ ತಂದು, ಹಣ ಮರಳಿ ಬರುವುದನ್ನು ಕಾಯುತ್ತಾಳೆ. ನಿಮ್ಮ ಊರಿನ ಬಾಲವಿಕಾಸ ಸಮಿತಿ ಇರುವುದು ಇಂಥದನ್ನು ನೋಡುವುದಕ್ಕಾಗಿಯೇ. ಮಕ್ಕಳ ತಾಯಂದಿರು ಅದರ ಸಭೆಗೆ ಹೋಗಿ ಈ ತಿಂಗಳ ಹಣ ಬಂದಿತೇ, ಎಷ್ಟು ಮಕ್ಕಳ ಲೆಕ್ಕಕ್ಕೆ ಬಂದಿತು ಎಂದು ಕೇಳಬೇಕು. ಜಗಳವಾಡುವುದಕ್ಕಲ್ಲ, ಹಣ ತಡವಾದಾಗ ಆಕೆಯ ಪರವಾಗಿ ಮೇಲಿನವರಿಗೆ ಬರೆಯುವುದಕ್ಕೆ.

ಲೆಕ್ಕವು ಹಾಜರಿಯ ಮೇಲೆಯೇ ನಿಂತಿದೆ. 2021ರಿಂದ ಮಕ್ಕಳ ಹೆಸರು ಮತ್ತು ತೂಕವನ್ನು ಪೋಷಣ್ ಟ್ರ್ಯಾಕರ್‌ನಲ್ಲಿ ಮೊಬೈಲಿನಿಂದ ದಾಖಲಿಸುತ್ತಾರೆ. 2025ರ ಜುಲೈಯಿಂದ ಮನೆಗೆ ಒಯ್ಯುವ ಆಹಾರಕ್ಕೆ ಮುಖ ಗುರುತಿಸುವ ಕ್ರಮವೂ ಬಂದಿದೆ. ದುಡಿಮೆಗಾಗಿ ಪರಊರಿಗೆ ಹೋಗುವವರು ಹೊರಡುವ ಮುನ್ನ ಕಾರ್ಯಕರ್ತೆಗೆ ತಿಳಿಸಿ, ಹೋದ ಊರಿನ ಅಂಗನವಾಡಿಯಲ್ಲಿ ಮಗುವಿನ ಹೆಸರನ್ನು ಸೇರಿಸಿಕೊಳ್ಳಬೇಕು. ಹೆಸರಿಲ್ಲದ ಮಗುವಿಗೆ ಪೊಟ್ಟಣವಿಲ್ಲ.

ಮೇಲೆ ಹೇಳಿದ ಹೆಣ್ಣುಮಗುವಿನ ತೋಳಿನ ಸುತ್ತಳತೆ ಹನ್ನೆರಡು ಸೆಂಟಿಮೀಟರು ಇತ್ತು. ಹನ್ನೆರಡೂವರೆಗಿಂತ ಕಡಿಮೆಯಾದರೆ ಅಪೌಷ್ಟಿಕತೆ; ಹನ್ನೊಂದೂವರೆಗಿಂತ ಕಡಿಮೆಯಾದರೆ ಅದು ತೀವ್ರವಾದುದು, ತಡಮಾಡದೆ ಆಸ್ಪತ್ರೆಗೆ ತರತಕ್ಕದ್ದು. ಆ ಮನೆಯಲ್ಲಿ ಅಜ್ಜಿಗೆ ಒಂದು ಬಟ್ಟಲನ್ನು ಕೊಡಲಾಯಿತು, ಹಿಟ್ಟಿನ ಡಬ್ಬಿ ಆಕೆಯ ಕೈಗೆ ಎಟಕುವಲ್ಲಿ ಬಂದಿತು, ಬಿಸಿನೀರಿನ ಥರ್ಮಾಸನ್ನು ತಂದೆಯೇ ಸಂತೆಯಿಂದ ಕೊಂಡುತಂದರು. ಎರಡು ತಿಂಗಳ ಮೇಲೆ ತೂಗಿದಾಗ ಮಗು 7.6 ಕಿಲೋ ಇತ್ತು.

ನಿಮ್ಮ ಮಗುವಿನ ತೋಳನ್ನು ಅಳೆಯುವ ಪಟ್ಟಿ ಅಂಗನವಾಡಿಯಲ್ಲಿಯೂ ಆಶಾ ಕಾರ್ಯಕರ್ತೆಯ ಚೀಲದಲ್ಲಿಯೂ ಇರುತ್ತದೆ. ಬರುವ ತಿಂಗಳ ತೂಕದ ದಿನ ಮಗುವನ್ನು ಕರೆದುಕೊಂಡು ಹೋಗುವಾಗ, ಹಗಲು ಅದನ್ನು ನೋಡಿಕೊಳ್ಳುವವರನ್ನೂ ಜೊತೆಗೆ ಕರೆದೊಯ್ಯಿರಿ.