ತಿರುಗಿ ನಿಂತ ಆನೆ

ನನ್ನ ಮದುವೆಯಲ್ಲಿ ಅವ್ವ ಕೈಗಿಟ್ಟದ್ದು ಒಂದು ಚಂದ್ರಕಾಳಿ. ಕಪ್ಪು ರೇಷ್ಮೆಯ ಇಳಕಲ್ ಸೀರೆ, ಮೈತುಂಬ ಕಸೂತಿ. ಧಾರವಾಡದ ಕಡೆ ಮದುಮಗಳಿಗೆ ಚಂದ್ರಕಾಳಿ ಉಡಿಸುವುದು ಹಳೆಯ ಪದ್ಧತಿ. 1948ರಲ್ಲಿ ಅಜ್ಜಿಯ ಮದುವೆಗೆಂದು ಮುತ್ತಜ್ಜಿ ತಾನೇ ಕೂತು ಹಾಕಿದ ಕಸೂತಿ ಅದು. ಅಜ್ಜಿ ಹಬ್ಬಹಬ್ಬಕ್ಕೂ ಉಟ್ಟಳು, ಅವ್ವನೂ ಉಟ್ಟಳು. ನಾನು ಉಟ್ಟದ್ದು ಒಂದೇ ದಿನ.

ಏನಾದರೂ ಆಗಿಬಿಟ್ಟೀತು ಎಂಬ ಭಯ. ಬೆಂಗಳೂರಿನ ಮನೆಯ ಕಪಾಟಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ನುಸಿಗುಳಿಗೆ ಹಾಕಿ ಇಟ್ಟುಬಿಟ್ಟೆ. ಇಪ್ಪತ್ತು ವರ್ಷ ಮಡಿಕೆ ಬಿಚ್ಚಲಿಲ್ಲ. 2019ರ ದೀಪಾವಳಿಗೆ ಮಗಳಿಗೆ ತೋರಿಸೋಣವೆಂದು ತೆಗೆದರೆ ಮಡಿಕೆಯ ಗುಂಟ ರೇಷ್ಮೆ ಸೀಳಿತ್ತು. ಮುಟ್ಟಿದಲ್ಲೆಲ್ಲ ಇನ್ನಷ್ಟು ಹರಿಯಿತು. ಅಲ್ಲೇ ಕೂತು ಅತ್ತುಬಿಟ್ಟೆ. ರೇಷ್ಮೆಗೆ ಗಾಳಿ ಬೇಕು, ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಬೇಕು, ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಬೇಕು ಎಂಬುದು ತಿಳಿಯುವಷ್ಟರಲ್ಲಿ ತಡವಾಗಿತ್ತು.

ಹಬ್ಬಕ್ಕೆ ಬಂದಿದ್ದ ಅವ್ವ ಬೈಯಲಿಲ್ಲ. ಸೀರೆಯನ್ನು ಜಮಖಾನದ ಮೇಲೆ ಹರವಿ ಮೆಲ್ಲಗೆ ಬೆರಳಾಡಿಸಿದಳು. ಕಸೂತಿಗೆ ಗಂಟು ಹಾಕುವುದಿಲ್ಲ. ಗವಂತಿ, ಮುರಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ಸಮ ಕಾಣಬೇಕು. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದೂ ಇಲ್ಲ, ನೇಯ್ಗೆಯ ಎಳೆ ಎಣಿಸುತ್ತಲೇ ಗೋಪುರ, ತೇರು, ತುಳಸಿಕಟ್ಟೆ ಎಬ್ಬಿಸಬೇಕು.

“ಈ ತೇರಿನ ಕಳಸ ನೋಡು, ಹಳದಿ ಹೋಗಿ ಕೇಸರಿ ಬಂದದ. ದಾರ ತೀರಿತ್ತಂತ. ಮದಿವಿಗೆ ನಾಕೇ ದಿನ ಉಳದಿತ್ತು, ಪ್ಯಾಟಿಗೆ ಹೋಗವ್ರು ಯಾರೂ ಇರಲಿಲ್ಲ,” ಅಂದಳು ಅವ್ವ. “ಇಲ್ಲೆ ಗೋಪುರ ಒಂದ್ ಎಳಿ ಸರದದ. ಕಂದೀಲ ಬೆಳಕಿನಾಗ ಎಣಸೋದಂದ್ರ ಸುಮ್ನೇನವಾ?”

ಇದೊಂದೂ ನನಗೆ ಗೊತ್ತಿರಲಿಲ್ಲ. ಬಂದವರಿಗೆಲ್ಲ “ನಮ್ಮಜ್ಜಿಯ ಸೀರೆ ಇದೆ” ಎಂದು ಹೆಮ್ಮೆಯಿಂದ ಹೇಳಿದ್ದೆ, ಅವ್ವನನ್ನು ಒಂದು ಮಾತೂ ಕೇಳಿರಲಿಲ್ಲ. ಸೀರೆ ಸೀಳಿದ್ದಕ್ಕಿಂತ ನನಗೆ ಇಂದಿಗೂ ಹೆಚ್ಚು ನೋಯುವುದು ಇದೇ. ಕಪಾಟಿಗೆ ಬೀಗ ಹಾಕಿದ್ದೇ ಜೋಪಾನ ಎಂದುಕೊಂಡಿದ್ದೆ. ಅವ್ವನ ನೆನಪಿನಲ್ಲಿದ್ದದ್ದನ್ನು ಜೋಪಾನ ಮಾಡಬೇಕೆಂದು ಹೊಳೆಯಲೇ ಇಲ್ಲ.

ಆ ವಾರವೆಲ್ಲ ಅವ್ವ ಹೇಳಿದಳು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಸೆರಗು ಗಟ್ಟಿಯಾಗಿತ್ತು. ಅದಕ್ಕೆ ತೆಳು ಹತ್ತಿ ಬಟ್ಟೆಯ ಒಳಪದರು ಕೊಟ್ಟು ಶಾಲು ಮಾಡಿಸಿದೆವು. ಹಬ್ಬ ಬಂದರೆ ಮಗಳು ಹೊದೆಯುತ್ತಾಳೆ. ಒಮ್ಮೆ ಅದರ ಮೇಲೆ ಪಾಯಸವೂ ಚೆಲ್ಲಿತು, ನಾನು ಸುಮ್ಮನಿದ್ದೆ.

ಈಗ ಅವಳು ಮ್ಯಾಟಿ ಬಟ್ಟೆಯ ಮೇಲೆ ಎಳೆ ಎಣಿಸುತ್ತ ಕಸೂತಿ ಕಲಿಯುತ್ತಿದ್ದಾಳೆ. ಮೊನ್ನೆ ಶಾಲನ್ನು ಮುಂದಿಟ್ಟುಕೊಂಡು ಕೇಳಿದಳು: “ಅಜ್ಜಿ, ಎಲ್ಲಾ ಆನೆ ಆ ಕಡೆ ಹೊರಟಿವೆ. ಇದೊಂದು ಯಾಕೆ ತಿರುಗಿ ನಿಂತಿದೆ?”

ಅವ್ವ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು.

“ಅದನ್ನ ನಾನೂ ನಮ್ಮವ್ವನ್ನ ಕೇಳಲಿಲ್ಲ ನೋಡವಾ,” ಅಂದಳು.