ಮತ್ತೆ ಸೇವೆಗೆ

ಝುವಾರಿನಗರವು ಗೋವಾ ರಾಜ್ಯದಲ್ಲಿದೆ. ಕರ್ನಾಟಕದಿಂದ ದುಡಿಯಲು ಬಂದ ಅನೇಕ ಕುಟುಂಬಗಳು ಅಲ್ಲಿ ನೆಲೆಸಿವೆ. ಸಮೀಪದಲ್ಲಿಯೇ ದಾಬೋಳಿ ವಿಮಾನ ನಿಲ್ದಾಣವಿದೆ. ನೌಕಾಪಡೆಯ ವಿಮಾನಗಳೂ ಅಲ್ಲಿಂದಲೇ ಹಾರುತ್ತವೆ.

ಒಂದು ದಿನ ಅಲ್ಲಿಯ ಕನ್ನಡ ಶಾಲೆಯ ಮಕ್ಕಳು ಬೋಗಮಾಳೊ ರಸ್ತೆಯಲ್ಲಿರುವ ನೌಕಾ ವಿಮಾನಗಳ ಸಂಗ್ರಹಾಲಯಕ್ಕೆ ಹೋಗಿದ್ದರು. ಹಳೆಯ ಸೀ ಹಾಕ್ ವಿಮಾನವನ್ನು ಕಂಡರು. ಅದು ಹಿಂದೆ ವಿಕ್ರಾಂತ ಎಂಬ ಹಡಗಿನ ಮೇಲಿಂದ ಹಾರುತ್ತಿದ್ದ ಬಗೆಯ ವಿಮಾನ. ಹಿಂದಿರುಗುವಾಗ ಇಬ್ಬರಲ್ಲಿ ವಾದ ಹತ್ತಿತು.

"ವಿಕ್ರಾಂತ ಈಗಲೂ ಇದೆ. ಹಳೆಯದನ್ನೇ ದುರಸ್ತಿ ಮಾಡಿ ರೀಕಮಿಷನ್ ಮಾಡಿದ್ದಾರೆ" ಎಂದ ಹುಡುಗ.

"ಇಲ್ಲ, ಅದನ್ನು ಒಡೆದುಹಾಕಿದರಂತೆ. ನಮ್ಮ ಅಪ್ಪ ಹೇಳಿದ್ದಾರೆ" ಎಂದಳು ಹುಡುಗಿ.

ವಾದ ಗುರುಗಳ ಬಳಿಗೆ ಬಂತು.

"ಮೊದಲು ಕಮಿಷನ್ ಎಂದರೇನು ಹೇಳಿ" ಎಂದರು ಗುರುಗಳು.

"ಸಂತೆಯಲ್ಲಿ ದಲ್ಲಾಳಿ ತೆಗೆದುಕೊಳ್ಳುವ ಹಣ, ಗುರುಗಳೇ!"

ಎಲ್ಲರೂ ನಕ್ಕರು. ಗುರುಗಳೂ ನಕ್ಕರು. "ಅದೂ ಸರಿಯೇ. ಚುನಾವಣಾ ಆಯೋಗದ ಆಯೋಗಕ್ಕೂ ಇಂಗ್ಲಿಷಿನಲ್ಲಿ ಇದೇ ಪದ. ಆದರೆ ಹಡಗಿನ ವಿಷಯದಲ್ಲಿ ಕಮಿಷನ್ ಎಂದರೆ ಸೇವೆಗೆ ಸೇರಿಸುವುದು. ಅಂದು ಹಡಗಿನ ನಾಯಕರು ಆಜ್ಞಾಪತ್ರವನ್ನು ಗಟ್ಟಿಯಾಗಿ ಓದುತ್ತಾರೆ. ನೌಕಾಧ್ವಜ ಏರುತ್ತದೆ. ಸೇವೆ ಮುಗಿದ ದಿನ ಆ ಧ್ವಜವನ್ನು ಇಳಿಸುತ್ತಾರೆ. ರೀ ಎಂದರೆ ಮತ್ತೆ. ಸೇವೆ ನಿಲ್ಲಿಸಿದ್ದನ್ನೇ ಮತ್ತೆ ಸೇವೆಗೆ ಸೇರಿಸಿದರೆ ಅದು ರೀಕಮಿಷನ್."

"ಹಾಗಾದರೆ ನಾನು ಹೇಳಿದ್ದು ಸರಿ" ಎಂದ ಹುಡುಗ.

"ಅವಸರ ಬೇಡ. ಹಳೆಯ ವಿಕ್ರಾಂತ 1961ರಲ್ಲಿ ಸೇವೆಗೆ ಸೇರಿತು. 1971ರ ಯುದ್ಧದಲ್ಲಿ ಹೋರಾಡಿತು. 1997ರಲ್ಲಿ ನಿವೃತ್ತಿಯಾಯಿತು. ಕೆಲವು ವರ್ಷ ಮುಂಬಯಿಯಲ್ಲಿ ಸಂಗ್ರಹಾಲಯವಾಗಿತ್ತು. 2014ರಲ್ಲಿ ಅದನ್ನು ಒಡೆಯಲು ಆರಂಭಿಸಿದರು. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿದ ವಿಕ್ರಾಂತ ಬೇರೆಯೇ ಹಡಗು. ಅದನ್ನು ನಮ್ಮ ದೇಶದಲ್ಲೇ ಕಟ್ಟಿದರು. ಹೆಸರು ಅದೇ, ಹಡಗು ಬೇರೆ."

ಹುಡುಗನ ಮುಖ ಸಪ್ಪೆಯಾಯಿತು. ಗುರುಗಳು ಅವನ ಬೆನ್ನು ತಟ್ಟಿದರು. "ನೀನು ಹೇಳಿದಂಥ ಹಡಗೂ ಒಂದಿತ್ತು. ಇಂಗ್ಲೆಂಡಿನವರ ಹರ್ಮಿಸ್ 1959ರಲ್ಲಿ ಅವರ ಸೇವೆಗೆ ಸೇರಿತ್ತು. ಅವರು ಕೈಬಿಟ್ಟ ಮೇಲೆ ನಮ್ಮವರು ಕೊಂಡು, ದುರಸ್ತಿ ಮಾಡಿಸಿ, 1987ರಲ್ಲಿ ವಿರಾಟ್ ಎಂಬ ಹೆಸರಿನಿಂದ ಸೇವೆಗೆ ಸೇರಿಸಿದರು. ಹಡಗು ಅದೇ, ಹೆಸರು ಬೇರೆ. ಅದನ್ನು ರೀಕಮಿಷನ್ ಎನ್ನಬಹುದು. ವಿರಾಟ್ 2017ರವರೆಗೆ ದುಡಿಯಿತು."

"ನಮ್ಮ ಅಪ್ಪ ಕಾರ್ಖಾನೆಯಲ್ಲಿಯೂ ಈ ಮಾತು ಕೇಳಿದ್ದಾರೆ" ಎಂದಳು ಹುಡುಗಿ.

"ಹೌದು. ರಸಗೊಬ್ಬರದ ಕಾರ್ಖಾನೆಯಲ್ಲಿ ಅಮೋನಿಯಾದಿಂದ ಯೂರಿಯಾ ಮಾಡುತ್ತಾರೆ. ಅಮೋನಿಯಾ ಸೋರಿದರೆ ಕಣ್ಣು ಉರಿಯುತ್ತದೆ, ಉಸಿರು ಕಟ್ಟುತ್ತದೆ. ಬಹುಕಾಲ ನಿಂತ ಯಂತ್ರವನ್ನು ಗುಂಡಿ ಒತ್ತಿ ಒಮ್ಮೆಲೇ ನಡೆಸುವಂತಿಲ್ಲ. ಕೊಳವೆ, ಬೆಸುಗೆ, ಕವಾಟ ಎಲ್ಲವನ್ನೂ ಪರೀಕ್ಷಿಸಬೇಕು. ಆ ಕೆಲಸವೆಲ್ಲ ಸೇರಿ ರೀಕಮಿಷನ್. ಅದರಲ್ಲಿ ಅವಸರ ಮಾಡಿದರೆ ದುಡಿಯುವವರ ಜೀವಕ್ಕೇ ಅಪಾಯ. ಕೆಟ್ಟ ಸೈಕಲ್ಲನ್ನು ಸರಿಮಾಡಿದರೆ ಮಾತ್ರ ಯಾರೂ ಹಾಗೆ ಹೇಳುವುದಿಲ್ಲ!"

"ಗುರುಗಳೇ, ಸಂಗ್ರಹಾಲಯದ ಸೀ ಹಾಕ್ ಮತ್ತೆ ಹಾರುತ್ತದೆಯೇ?"

"ಇಲ್ಲ, ಅದು ನೋಡಲು ಮಾತ್ರ. ಆದರೆ ಸೀ ಹಾಕ್ ಹಾರಿಸುತ್ತಿದ್ದ 300ನೆಯ ಪಡೆ ಇನ್ನೂ ಇದೆ. ಆಮೇಲೆ ಅದಕ್ಕೆ ಸೀ ಹ್ಯಾರಿಯರ್ ಬಂತು. 2016ರಲ್ಲಿ ಮಿಗ್-29ಕೆ ಬಂತು."

ಅಷ್ಟರಲ್ಲಿ ಮೇಲೆ ದೊಡ್ಡ ಸದ್ದಾಯಿತು. ಮಕ್ಕಳೆಲ್ಲ ತಲೆಯೆತ್ತಿ ನೋಡಿದರು.

ಅಭ್ಯಾಸ

1. ಕಮಿಷನ್ ಪದಕ್ಕೆ ಪಾಠದಲ್ಲಿ ಬಂದ ಮೂರು ಅರ್ಥಗಳನ್ನು ಬರೆಯಿರಿ.
2. ವಿರಾಟ್ ಮತ್ತು ಹೊಸ ವಿಕ್ರಾಂತ, ಇವುಗಳಲ್ಲಿ ಯಾವುದಕ್ಕೆ ರೀಕಮಿಷನ್ ಪದ ಹೊಂದುತ್ತದೆ? ಏಕೆ?
3. ನಿಮ್ಮ ಊರಿನಲ್ಲಿ ನಿಂತುಹೋಗಿ ಮತ್ತೆ ಆರಂಭವಾದ ಗಿರಣಿ ಅಥವಾ ಕಾರ್ಖಾನೆಯ ಬಗ್ಗೆ ಹಿರಿಯರನ್ನು ಕೇಳಿ ಬರೆಯಿರಿ.