ಹಳೆಯ ಬೆಕ್ಕಿರುವ ಮನೆಗೆ ಹೊಸ ಮರಿ

ಹುಬ್ಬಳ್ಳಿ ನವನಗರದ ಮಕ್ಕಳ ಮನೆಯಿಂದಲೋ, ನೆರೆಯವರಿಂದಲೋ ತಂದ ಮರಿಯನ್ನು ನೇರವಾಗಿ ಹಳೆಯ ಬೆಕ್ಕಿನ ಮುಂದೆ ಬಿಡಬಾರದು. ಬೆಕ್ಕು ವಾಸನೆಯಿಂದಲೇ ತನ್ನ ಎಲ್ಲೆಯನ್ನು ಗುರುತಿಸುವ ಪ್ರಾಣಿ. ಅದು ಮುನಿದು ಮನೆ ಬಿಟ್ಟರೆ ಉಗ್ರಾಣದ ಮೂಟೆಗಳು ಇಲಿಗಳ ಪಾಲು.

1. 8 ವಾರ ತುಂಬಿದ ಮರಿಯನ್ನೇ ತನ್ನಿ. ಪಶುವೈದ್ಯರಿಗೆ ತೋರಿಸಿ, 3 ತಿಂಗಳಿಗೆ ರೇಬಿಸ್ ಲಸಿಕೆ ಹಾಕಿಸಿ.

2. ಮೊದಲ ವಾರ ಬೇರೆ ಕೋಣೆ, ಬೇರೆ ತಟ್ಟೆ. ಒಂದರ ಹಾಸುಬಟ್ಟೆಯನ್ನು ಇನ್ನೊಂದರ ಬಳಿ ಇಡಿ.

3. ಮುಚ್ಚಿದ ಬಾಗಿಲಿನ ಎರಡೂ ಬದಿ ಊಟ ಹಾಕಿ. ಅನಂತರ ಜಾಲರಿಯ ಮೂಲಕ ನೋಡಗೊಡಿ.

4. ಕೊನೆಗೆ ದಿನಕ್ಕೆ 5 ನಿಮಿಷ, ನಿಮ್ಮ ಎದುರಲ್ಲೇ ಸೇರಿಸಿ. ಬುಸುಗುಟ್ಟಿದರೆ ಗದರಬೇಡಿ, ಅದು ಎಚ್ಚರಿಕೆ ಮಾತ್ರ. ಕಾದಾಡಿದರೆ ಹಿಂದಿನ ಹಂತಕ್ಕೆ ಮರಳಿ.

ಊಟವೂ ಮುದ್ದೂ ಹಳೆಯದಕ್ಕೇ ಮೊದಲು. ಪಾಷಾಣ ತಿಂದ ಇಲಿ ಬೆಕ್ಕಿಗೂ ವಿಷ. ಬೆಕ್ಕು ಸಾಕಿದವರು ಇಲಿಬೋನನ್ನೇ ಬಳಸತಕ್ಕದ್ದು.